ಬಾಗಿಲು ಲಾಕ್ ಆಗಿದ್ದಾಗ ಕಾರ್ಡ್ ರೀಡರ್ ಕೈಕೊಡುತ್ತದೆ, ಲಾಕ್ ಬಿಟ್ಟಾಗ ಸರಿ ಇರುತ್ತದೆ: ಪವರ್ ಸಪ್ಲೈ ತೊಂದರೆಯಾ, ಕೇಬಲ್ ತೊಂದರೆಯಾ?

ಬಾಗಿಲುಕಾಯುವವ
ಎಲ್ಲರಿಗೂ ನಮಸ್ಕಾರ. ನಾಲ್ಕು ಬಾಗಿಲಿನ ಆಕ್ಸೆಸ್ ಕಂಟ್ರೋಲ್ ಸಿಸ್ಟಂ (ಕಾರ್ಡ್ ಹಿಡಿದರೆ ಬಾಗಿಲು ತೆರೆಯುವ ವ್ಯವಸ್ಥೆ) ಒಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಹಾಕಿದವರು ಬೇರೆ, ವೈರಿಂಗ್ ಡ್ರಾಯಿಂಗ್ ಏನೂ ಕೊಟ್ಟಿಲ್ಲ. ಕಂಟ್ರೋಲರ್ (ಕಾರ್ಡ್ ನಂಬರ್ ನೋಡಿ ಲಾಕ್ ಬಿಡಿಸುವ ಬೋರ್ಡ್) ಹತ್ತಿರದ ಎರಡು ಬಾಗಿಲು ಚೆನ್ನಾಗಿವೆ. ದೂರದ ಎರಡು ಬಾಗಿಲದ್ದೇ ರಗಳೆ, ಅಲ್ಲಿಗೆ ಸುಮಾರು 60 ಮೀಟರ್ ಕೇಬಲ್ ಹೋಗಿದೆ.

ಕಾರ್ಡ್ ಹಿಡಿದರೆ ರೀಡರ್ ಬೀಪ್ ಅನ್ನುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ಸಾಫ್ಟ್‌ವೇರ್ ಲಾಗ್‌ನಲ್ಲಿ ಏನೂ ಬೀಳುವುದಿಲ್ಲ, "ಅನುಮತಿ ಇಲ್ಲ" ಅಂತಲೂ ಇಲ್ಲ. ಮತ್ತೆ ಮತ್ತೆ ಹಿಡಿದರೆ ಯಾವಾಗಲೋ ಒಮ್ಮೆ ತೆರೆಯುತ್ತದೆ. ಇನ್ನೊಂದು ವಿಚಿತ್ರ ನೋಡಿ: ಒಳಗಿನವರು ಎಕ್ಸಿಟ್ ಬಟನ್ ಒತ್ತಿ ಬಾಗಿಲು ತೆರೆದಿರುವ ಆ ನಾಲ್ಕೈದು ಸೆಕೆಂಡ್‌ನಲ್ಲಿ ಹೊರಗಿನಿಂದ ಕಾರ್ಡ್ ಹಿಡಿದರೆ ಪ್ರತಿ ಸಲವೂ ಲಾಗ್‌ನಲ್ಲಿ ಬೀಳುತ್ತದೆ!

ಇರುವ ಸಾಮಾನು: 12 ವೋಲ್ಟ್ 5 ಆಂಪ್ ಎಸ್‌ಎಂಪಿಎಸ್ (ಮೇನ್ಸ್‌ನಿಂದ 12 ವೋಲ್ಟ್ ಡಿಸಿ ಕೊಡುವ ಪವರ್ ಸಪ್ಲೈ), ಜೊತೆಗೆ 7 ಎಎಚ್ (ಆಂಪ್-ಅವರ್) ಬ್ಯಾಟರಿ, ವೀಗ್ಯಾಂಡ್ (ಕಾರ್ಡ್ ನಂಬರನ್ನು ಎರಡು ಡೇಟಾ ತಂತಿಯಲ್ಲಿ ಕಂಟ್ರೋಲರ್‌ಗೆ ಕಳಿಸುವ ಪದ್ಧತಿ) 26 ಬಿಟ್ ರೀಡರ್, 12 ವೋಲ್ಟ್ ಮ್ಯಾಗ್ನೆಟಿಕ್ ಲಾಕ್ (ಲೇಬಲ್ ಮೇಲೆ 500 ಮಿಲಿ ಆಂಪ್ ಅಂತ ಇದೆ). ಪ್ರತಿ ಬಾಗಿಲಿಗೂ ಒಂದೊಂದೇ ಕ್ಯಾಟ್ 5ಇ ಕೇಬಲ್ (ಎಂಟು ತಂತಿಯ ನೆಟ್‌ವರ್ಕ್ ಕೇಬಲ್). ರೀಡರ್ ಬದಲಾಯಿಸಿ ನೋಡಿದೆವು, ಅದೇ ಕಥೆ. ಎಸ್‌ಎಂಪಿಎಸ್ ಟರ್ಮಿನಲ್‌ನಲ್ಲಿ ಮೀಟರ್ 12.1 ತೋರಿಸುತ್ತದೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಹತ್ತುಆಂಪ್
5 ಆಂಪ್ ಸಾಲುತ್ತಿಲ್ಲ ಅಷ್ಟೇ. 10 ಆಂಪ್ ಎಸ್‌ಎಂಪಿಎಸ್ ಹಾಕಿ, ಮುಗೀತು.

ಹೊಸಕೈ
ರೀಡರ್ ಬೀಪ್ ಅಂದರೆ ಕಂಟ್ರೋಲರ್‌ಗೆ ನಂಬರ್ ಹೋಗಿದೆ ಅಂತ ಅರ್ಥ ಅಲ್ವಾ?

ತಾಮ್ರತಂತಿ
@ಹೊಸಕೈ, ಅಲ್ಲ. ಆ ಬೀಪ್ ರೀಡರ್ ತನ್ನಷ್ಟಕ್ಕೆ ತಾನು ಕೊಡುವುದು. ಕಾರ್ಡ್ ಓದಿದೆ ಅಂತ ಮಾತ್ರ ಅದರ ಅರ್ಥ. ವೀಗ್ಯಾಂಡ್‌ನಲ್ಲಿ ಮಾತು ಒಂದೇ ಕಡೆಗೆ ಹೋಗುತ್ತದೆ. ಕಂಟ್ರೋಲರ್‌ಗೆ ತಲುಪಿತೋ ಇಲ್ಲವೋ ಅನ್ನುವುದು ರೀಡರ್‌ಗೆ ಗೊತ್ತೇ ಆಗುವುದಿಲ್ಲ. ಬೀಪ್ ಬಂದು ಲಾಗ್ ಖಾಲಿ ಇದ್ದರೆ ಕಾರ್ಡ್ ಸರಿ, ರೀಡರ್‌ನ ಆಂಟೆನಾ ಸರಿ. ಮಧ್ಯದ ದಾರಿಯಲ್ಲಿ ನಂಬರ್ ಕಳೆದುಹೋಗುತ್ತಿದೆ.

@ಹತ್ತುಆಂಪ್, ನಾಲ್ಕು ಲಾಕ್‌ಗೆ 2 ಆಂಪ್, ನಾಲ್ಕು ರೀಡರ್ ಮತ್ತು ಕಂಟ್ರೋಲರ್ ಸೇರಿಸಿದರೂ 3 ದಾಟುವುದಿಲ್ಲ. 5 ಆಂಪ್ ಧಾರಾಳವಾಯಿತು. ಮೇಲಿನ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಕೆಳಗೆ ಬರುವ ಪೈಪ್ ಸಣ್ಣದಾದರೆ ನೀರು ಅಷ್ಟೇ ಬರುವುದು.

@ಬಾಗಿಲುಕಾಯುವವ, ಎಕ್ಸಿಟ್ ಬಟನ್ ವಿಷಯ ಬರೆದಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ಮ್ಯಾಗ್ನೆಟಿಕ್ ಲಾಕ್ ಹಿಡಿದಿರುವಷ್ಟು ಹೊತ್ತೂ ಕರೆಂಟ್ ಎಳೆಯುತ್ತದೆ, ಬಿಟ್ಟಾಗ ಎಳೆಯುವುದಿಲ್ಲ. ಲಾಕ್ ಕರೆಂಟ್ ನಿಂತ ಕೂಡಲೇ ರೀಡರ್ ಸರಿಯಾಗುತ್ತದೆ ಅಂದರೆ ಎರಡೂ ಯಾವುದೋ ಒಂದು ತಂತಿಯನ್ನು ಹಂಚಿಕೊಂಡಿವೆ. ಕೇಬಲ್‌ನ ಎಂಟು ತಂತಿ ಏನೇನಕ್ಕೆ ಹೋಗಿವೆ ಅಂತ ಮೊದಲು ಬರೆಯಿರಿ. ಆಮೇಲೆ ಮೀಟರ್ ತೆಗೆದುಕೊಂಡು ರೀಡರ್ ಹತ್ತಿರ ಹೋಗಿ. ಎಸ್‌ಎಂಪಿಎಸ್ ಹತ್ತಿರದ 12.1ರಿಂದ ಏನೂ ಗೊತ್ತಾಗುವುದಿಲ್ಲ.

ಸೈಟ್‌ಸುತ್ತಾಟ
ತಾಮ್ರತಂತಿ ಹೇಳಿದ್ದು ಸರಿ. ಆದರೂ ಡಿ0 ಮತ್ತು ಡಿ1 (ರೀಡರ್‌ನ ಎರಡು ಡೇಟಾ ತಂತಿ, ಒಂದರಲ್ಲಿ ಸೊನ್ನೆಗಳು, ಇನ್ನೊಂದರಲ್ಲಿ ಒಂದುಗಳು) ಒಂದೇ ಜೋಡಿಯಲ್ಲಿ ಹೋಗಿದೆಯಾ ಅಂತಲೂ ನೋಡಿ. ಕ್ಯಾಟ್ ಕೇಬಲ್ ಸಿಕ್ಕಿದ ಕೂಡಲೇ ಹಸಿರು ಡಿ0ಗೆ, ಹಸಿರು-ಬಿಳಿ ಡಿ1ಗೆ ಅಂತ ಹಾಕುವವರೇ ಜಾಸ್ತಿ. ಎರಡೂ ಒಟ್ಟಿಗೆ ಹೆಣೆದುಕೊಂಡರೆ ಒಂದರ ಪಲ್ಸ್ ಇನ್ನೊಂದರಲ್ಲೂ ಕಾಣಿಸುತ್ತದೆ, ಉದ್ದ ಹೆಚ್ಚಿದಷ್ಟೂ ಜಾಸ್ತಿ. ಡಿ0ನ ಜೊತೆ ನೆಗೆಟಿವ್ ಇರಲಿ, ಡಿ1ನ ಜೊತೆ ಪಾಸಿಟಿವ್ ಅಥವಾ ಇನ್ನೊಂದು ನೆಗೆಟಿವ್ ಇರಲಿ.

ನೆಟ್‌ವರ್ಕ್‌ಹುಡುಗಿ
ಕ್ಯಾಟ್ ಕೇಬಲ್‌ನಲ್ಲಿ ಜೋಡಿ ಬಿಡಿಸಬೇಡಿ ಅಂತ ನಮಗೆ ಕಲಿಸುತ್ತಾರೆ, ಇಲ್ಲಿ ಉಲ್ಟಾ ಹೇಳುತ್ತಿದ್ದೀರಲ್ಲ?

ಸೈಟ್‌ಸುತ್ತಾಟ
ಉಲ್ಟಾ ಏನಿಲ್ಲ. ಈಥರ್‌ನೆಟ್‌ನಲ್ಲಿ ಒಂದು ಜೋಡಿಯ ಎರಡೂ ತಂತಿ ಸೇರಿ ಒಂದು ಸಿಗ್ನಲ್. ಆರ್‌ಎಸ್485ನಲ್ಲೂ (ದೂರಕ್ಕೆ ಡೇಟಾ ಕಳಿಸುವ ಇನ್ನೊಂದು ಪದ್ಧತಿ) ಹಾಗೇ. ವೀಗ್ಯಾಂಡ್‌ನಲ್ಲಿ ಡಿ0 ಒಂದು ಸಿಗ್ನಲ್, ಡಿ1 ಬೇರೆಯೇ ಒಂದು ಸಿಗ್ನಲ್, ಎರಡಕ್ಕೂ ಆಧಾರ ನೆಗೆಟಿವ್ ತಂತಿ. ಅದಕ್ಕೇ ಪ್ರತಿಯೊಂದನ್ನೂ ಆಧಾರದ ಜೊತೆ ಜೋಡಿ ಮಾಡುವುದು.

ಬಾಗಿಲುಕಾಯುವವ
ರೀಡರ್ ಬಿಚ್ಚಿ ನೋಡಿದೆ. ಕೇಬಲ್ ಹೀಗಿದೆ: ಕಿತ್ತಳೆ ರೀಡರ್ ಪಾಸಿಟಿವ್, ಕಿತ್ತಳೆ-ಬಿಳಿ ನೆಗೆಟಿವ್. ಹಸಿರು ಡಿ0, ನೀಲಿ ಡಿ1. ಹಸಿರು-ಬಿಳಿ ಎಲ್‌ಇಡಿ. ಕಂದು ಲಾಕ್ ಪಾಸಿಟಿವ್, ಕಂಟ್ರೋಲರ್ ರಿಲೇಯಿಂದ (ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಬರುತ್ತದೆ. ಕಂದು-ಬಿಳಿ ಎಕ್ಸಿಟ್ ಬಟನ್. ನೀಲಿ-ಬಿಳಿ ಖಾಲಿ. ಲಾಕ್‌ನ ನೆಗೆಟಿವ್, ಬಟನ್‌ನ ಕಾಮನ್, ರೀಡರ್ ನೆಗೆಟಿವ್ ಮೂರನ್ನೂ ಬಾಗಿಲ ಮೇಲೆ ಒಟ್ಟಿಗೆ ತಿರುಚಿ ಆ ಒಂದೇ ಕಿತ್ತಳೆ-ಬಿಳಿ ತಂತಿಗೆ ಸೇರಿಸಿದ್ದಾರೆ.

ತಾಮ್ರತಂತಿ
ಸಿಕ್ಕಿತು! ಆ ಕಿತ್ತಳೆ-ಬಿಳಿ ತಂತಿಯದ್ದೇ ತೊಂದರೆ.

ಲೆಕ್ಕ ನೋಡಿ. ಕ್ಯಾಟ್ 5ಇ ಅಂದರೆ 24 ಗೇಜ್ ತಾಮ್ರ, 100 ಮೀಟರ್‌ಗೆ ಸುಮಾರು 8.4 ಓಮ್. ನಿಮ್ಮ 60 ಮೀಟರ್‌ಗೆ ಒಂದು ತಂತಿ 5 ಓಮ್. ಲಾಕ್‌ನ ಕಾಯಿಲ್ 24 ಓಮ್ (12 ವೋಲ್ಟ್, ಅರ್ಧ ಆಂಪ್). ಹೋಗುವ ತಂತಿ 5, ಬರುವ ತಂತಿ 5, ಒಟ್ಟು 34 ಓಮ್. ಹಾಗಾಗಿ ಲಾಕ್‌ಗೆ ಅರ್ಧ ಆಂಪ್ ಸಿಗುವುದೇ ಇಲ್ಲ, 0.35 ಹತ್ತಿರ ಹರಿಯುತ್ತದೆ. ರೀಡರ್ 0.08 ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿ ವಾಪಸ್ ಹೋಗುವುದು ಆ ಒಂದೇ ತಂತಿಯಲ್ಲಿ. 0.43 ಆಂಪ್ ಗುಣಿಸು 5 ಓಮ್, 2 ವೋಲ್ಟ್ ಮೇಲೆ ಅಲ್ಲೇ ಬೀಳುತ್ತದೆ.

ಇದರಿಂದ ಎರಡು ಕೆಡುಕು. ರೀಡರ್‌ಗೆ ಸಿಗುವ ವೋಲ್ಟೇಜ್ ಕಡಿಮೆಯಾಗುತ್ತದೆ, ಇದು ಎಲ್ಲರಿಗೂ ಗೊತ್ತಿರುವುದು. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ಡಿ0, ಡಿ1 ಸುಮ್ಮನಿರುವಾಗ 5 ವೋಲ್ಟ್‌ನಲ್ಲಿ ನಿಂತಿರುತ್ತವೆ. ಬಿಟ್ ಕಳಿಸಬೇಕಾದಾಗ ರೀಡರ್ ಆ ತಂತಿಯನ್ನು ಸುಮಾರು 50 ಮೈಕ್ರೋಸೆಕೆಂಡ್ ನೆಗೆಟಿವ್‌ಗೆ ಎಳೆದು ಬಿಡುತ್ತದೆ. ಯಾವ ನೆಗೆಟಿವ್‌ಗೆ? ತನ್ನ ನೆಗೆಟಿವ್‌ಗೆ. ಆದರೆ ನಿಮ್ಮಲ್ಲಿ ರೀಡರ್‌ನ ನೆಗೆಟಿವ್ ಕಂಟ್ರೋಲರ್‌ನ ನೆಗೆಟಿವ್‌ಗಿಂತ 2 ವೋಲ್ಟ್ ಮೇಲೆ ಕೂತಿದೆ. ರೀಡರ್ ಪೂರ್ತಿ ಕೆಳಗೆ ಎಳೆದರೂ ಕಂಟ್ರೋಲರ್ ಕಣ್ಣಿಗೆ ಅದು 5ರಿಂದ 2ಕ್ಕೆ ಇಳಿದ ಹಾಗೆ ಕಾಣಿಸುತ್ತದೆ. ಎಷ್ಟೋ ಕಂಟ್ರೋಲರ್ 0.8 ವೋಲ್ಟ್‌ಗಿಂತ ಕೆಳಗೆ ಬಂದರೆ ಮಾತ್ರ ಪಲ್ಸ್ ಬಂತು ಅಂತ ಖಚಿತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅದಕ್ಕೇ ಬೀಪ್ ಬರುತ್ತದೆ, ಲಾಗ್ ಖಾಲಿ ಇರುತ್ತದೆ. ಲಾಕ್ ಬಿಟ್ಟ ಕೂಡಲೇ ಆ 2 ವೋಲ್ಟ್ ಅರ್ಧ ವೋಲ್ಟ್‌ಗಿಂತ ಕೆಳಗೆ ಇಳಿಯುತ್ತದೆ, ಎಲ್ಲ ಸರಿಯಾಗುತ್ತದೆ.

ಹೊಸಕೈ
ಇದನ್ನು ಮೀಟರ್‌ನಲ್ಲಿ ನೋಡುವುದು ಹೇಗೆ? ಎರಡು ನೆಗೆಟಿವ್ ಮಧ್ಯೆ 60 ಮೀಟರ್ ದೂರ ಇದೆಯಲ್ಲ.

ಓಮ್‌ಭಕ್ತ
ಖಾಲಿ ಬಿದ್ದಿರುವ ನೀಲಿ-ಬಿಳಿ ತಂತಿಯೇ ಇಲ್ಲಿ ಮೀಟರ್‌ನ ಪ್ರೋಬ್! ಕಂಟ್ರೋಲರ್ ತುದಿಯಲ್ಲಿ ಅದನ್ನು ನೆಗೆಟಿವ್ ಟರ್ಮಿನಲ್‌ಗೆ ಸೇರಿಸಿ. ಬಾಗಿಲ ತುದಿಯಲ್ಲಿ ಯಾವುದಕ್ಕೂ ಸೇರಿಸಬೇಡಿ. ಮೀಟರ್‌ನ ಕಪ್ಪು ಪ್ರೋಬ್ ಅದರ ಮೇಲೆ, ಕೆಂಪು ಪ್ರೋಬ್ ರೀಡರ್ ನೆಗೆಟಿವ್ ಮೇಲೆ. ಖಾಲಿ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದ್ದರಿಂದ ಅದರಲ್ಲಿ ಏನೂ ಬೀಳುವುದಿಲ್ಲ. ಮೀಟರ್‌ನಲ್ಲಿ ಕಾಣುವುದು ಕಿತ್ತಳೆ-ಬಿಳಿಯಲ್ಲಿ ಬೀಳುತ್ತಿರುವ ವೋಲ್ಟೇಜ್ ಮಾತ್ರ. ಲಾಕ್ ಹಿಡಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ನೋಡಿ.

ಹತ್ತುಆಂಪ್
ನಾನು 10 ಆಂಪ್ ಅಂದದ್ದು ಸುಮ್ನೆ ಅಲ್ಲ. ಹೀಗೇ ಒದ್ದಾಡುತ್ತಿದ್ದ ಒಂದು ಕಡೆ ಎಸ್‌ಎಂಪಿಎಸ್ ಬದಲಾಯಿಸಿದ ಮೇಲೆ ಎಲ್ಲ ಸರಿಯಾಯಿತು. ಲೆಕ್ಕ ಎಷ್ಟೇ ಹಾಕಿ, ಕೆಲಸ ಆಗುವುದು ಮುಖ್ಯ.

ಎಲೆಕ್ಟ್ರಿಷಿಯನ್_ಹಳಬ
ಅದೂ ಆಗುತ್ತದಪ್ಪಾ, ಆದರೆ ಕಾರಣ ಬೇರೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಒಣಗಿರುತ್ತದೆ. ಲೋಡ್ ಇಲ್ಲದಾಗ 12 ತೋರಿಸುತ್ತದೆ, ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ. ಕವರ್ ತೆಗೆದರೆ ಕೆಪಾಸಿಟರ್ ತಲೆ ಉಬ್ಬಿರುವುದು ಬರಿಗಣ್ಣಿಗೇ ಕಾಣಿಸುತ್ತದೆ. (ಮೇನ್ಸ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ, ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗಿಂತ ಜಾಸ್ತಿ ಹಿಡಿದುಕೊಂಡಿರುತ್ತದೆ.) ಡಿಸಿ ಔಟ್‌ಪುಟ್ ಮೇಲೆ ಮೀಟರನ್ನು ಎಸಿ ರೇಂಜ್‌ಗೆ ಹಾಕಿ ನೋಡಿದರೂ ರಿಪ್ಪಲ್‌ನ (ಡಿಸಿ ಮೇಲೆ ಉಳಿದ ಏರಿಳಿತದ) ಅಂದಾಜು ಸಿಗುತ್ತದೆ. ಎಲ್ಲ ಮೀಟರೂ ಅಷ್ಟು ವೇಗದ ರಿಪ್ಪಲ್ ಹಿಡಿಯುವುದಿಲ್ಲ, ಆದರೆ ಅರ್ಧ ವೋಲ್ಟ್ ಕಂಡರೆ ಆ ಡಬ್ಬಿಯ ಆಯಸ್ಸು ಮುಗಿದಿದೆ ಅಂತ ತಿಳಿಯಿರಿ. ನಿಮ್ಮ ಕಡೆ ಹೊಸ ಡಬ್ಬಿ ಹಾಕಿದ್ದರಿಂದ ಸರಿಯಾಗಿದೆ. 10 ಆಂಪ್ ಅನ್ನುವುದರಿಂದ ಅಲ್ಲ, 5 ಆಂಪ್‌ನ ಹೊಸದು ಹಾಕಿದ್ದರೂ ಸರಿಯಾಗುತ್ತಿತ್ತು.

ರಿಪ್ಪಲ್ ಜಾಸ್ತಿ ಇದ್ದರೆ 125 ಕಿಲೋಹರ್ಟ್ಸ್ ರೀಡರ್‌ಗಳ ಓದುವ ದೂರವೂ ಕಡಿಮೆಯಾಗುತ್ತದೆ. ಕಾರ್ಡ್ ಒತ್ತಿ ಹಿಡಿದರೆ ಮಾತ್ರ ಓದುತ್ತದೆ ಅನ್ನುವ ದೂರು ಬಂದಾಗ ರೀಡರ್ ಬಿಚ್ಚುವ ಮೊದಲು ಒಂದು 12 ವೋಲ್ಟ್ ಬ್ಯಾಟರಿಯಿಂದ ಅದಕ್ಕೆ ಪವರ್ ಕೊಟ್ಟು ನೋಡಿ. ಬ್ಯಾಟರಿಯಲ್ಲಿ ದೂರದಿಂದ ಓದಿದರೆ ಸಪ್ಲೈದೇ ತೊಂದರೆ.

ತಾಮ್ರತಂತಿ
ಬ್ಯಾಟರಿಯಿಂದ ಕೊಡುವಾಗ ಅದರ ನೆಗೆಟಿವ್ ಅನ್ನು ಕಂಟ್ರೋಲರ್ ನೆಗೆಟಿವ್‌ಗೆ ಸೇರಿಸುವುದು ಮರೆಯಬೇಡಿ. ಇಲ್ಲದಿದ್ದರೆ ಡೇಟಾಗೆ ಆಧಾರವೇ ಇರುವುದಿಲ್ಲ, ಬೀಪ್ ಬರುತ್ತದೆ, ಬಾಗಿಲು ತೆರೆಯುವುದಿಲ್ಲ, ಮತ್ತೆ ಅದೇ ಗೊಂದಲ. ಬಾಗಿಲ ಹತ್ತಿರ ಬೇರೆ ಅಡಾಪ್ಟರ್ ಇಟ್ಟು ರೀಡರ್‌ಗೆ ಪವರ್ ಕೊಡುವ ಕಡೆ ಇದು ತುಂಬಾ ನಡೆಯುತ್ತದೆ.

ಪಾಟ್‌ತಿರುಗಿಸು
ಇಷ್ಟೆಲ್ಲಾ ಯಾಕೆ? ಎಸ್‌ಎಂಪಿಎಸ್‌ನಲ್ಲಿ ಸಣ್ಣ ಸ್ಕ್ರೂ ಇರುತ್ತದಲ್ಲ, ಅದನ್ನು ತಿರುಗಿಸಿ 14.5 ಮಾಡಿ. ದೂರದ ಬಾಗಿಲಿಗೆ 12 ಸಿಗುತ್ತದೆ.

ಓಮ್‌ಭಕ್ತ
ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಏರಿಸಿದರೆ ಲಾಕ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಆ ನೆಗೆಟಿವ್ ತಂತಿಯಲ್ಲಿ ಇನ್ನೂ ಜಾಸ್ತಿ ಬೀಳುತ್ತದೆ. 2.1 ಇದ್ದದ್ದು 2.5 ಆಗುತ್ತದೆ. ಅಂದರೆ ಈ ತೊಂದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬ್ಯಾಟರಿಬೇಟೆ
ಜೊತೆಗೆ ಆ ಬ್ಯಾಟರಿಯನ್ನೂ ನೆನಪಿಡಿ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಸದಾ ಚಾರ್ಜಿನಲ್ಲಿರಬೇಕಾದರೆ 13.5ರಿಂದ 13.8 ವೋಲ್ಟ್ ಸರಿ. 14.5ರಲ್ಲಿ ವರ್ಷಗಟ್ಟಲೆ ಬಿಟ್ಟರೆ ಉಬ್ಬಿ ಒಣಗಿ ಹೋಗುತ್ತದೆ. ಇನ್ನೊಂದು ಕಡೆ, ಪ್ರಶ್ನೆ ಕೇಳಿದವರ 12.1ಕ್ಕೆ ಬ್ಯಾಟರಿ ನೇರವಾಗಿ ಸೇರಿಸಿದ್ದರೆ ಅದು ಯಾವತ್ತೂ ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಕರೆಂಟ್ ಹೋದಾಗ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಯಾವತ್ತಾದರೂ ನೋಡಿದ್ದೀರಾ? ಚಾರ್ಜಿಂಗ್ ಇರುವ, 10.5ಕ್ಕೆ ಇಳಿದಾಗ ಬ್ಯಾಟರಿಯನ್ನು ಕಡಿದುಹಾಕುವ ಸಪ್ಲೈ ಬೇಕು. ಈ ಬ್ಯಾಟರಿಗಳು 3ರಿಂದ 5 ವರ್ಷ ಬಾಳುತ್ತವೆ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆದುಬಿಡಿ.

ಬಾಗಿಲುಕಾಯುವವ
ಅಳತೆ ತೆಗೆದುಕೊಂಡೆ. ಎರಡು ದೂರದ ಬಾಗಿಲಲ್ಲಿ ಮೊದಲನೆಯದು:
ಲಾಕ್ ಹಿಡಿದಾಗ ರೀಡರ್ ಟರ್ಮಿನಲ್‌ನಲ್ಲಿ 9.6. ಬಿಟ್ಟಾಗ 11.3.
ಖಾಲಿ ತಂತಿ ಉಪಾಯದಲ್ಲಿ ನೆಗೆಟಿವ್ ವ್ಯತ್ಯಾಸ: ಹಿಡಿದಾಗ 2.1, ಬಿಟ್ಟಾಗ 0.4.
ಲಾಕ್ ಟರ್ಮಿನಲ್‌ನಲ್ಲಿ 8.2 ಮಾತ್ರ.
ತಾಮ್ರತಂತಿ ಸರ್ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಲಾಕ್‌ಗೂ 8.2 ಅಂದರೆ ಅದರ ಹಿಡಿತವೂ ಕಡಿಮೆಯಾಗಿರಬೇಕಲ್ವಾ?

ತಾಮ್ರತಂತಿ
ಖಂಡಿತ. ಲೇಬಲ್ ಮೇಲಿನ ಹಿಡಿತ ಪೂರ್ತಿ 12 ವೋಲ್ಟ್‌ಗೆ ಹೇಳಿದ್ದು. ಬಲವಾಗಿ ಎಳೆದರೆ ಬಿಟ್ಟುಕೊಳ್ಳುವ ಸಾಧ್ಯತೆ ಇದೆ. ಇದು ಭದ್ರತೆಯ ವಿಷಯ, ರೀಡರ್‌ಗಿಂತ ಮೊದಲು ಇದನ್ನೇ ಯೋಚಿಸಬೇಕು.

ಈಗ ಪರೀಕ್ಷೆಗೆ ಹೀಗೆ ಮಾಡಿ: ಲಾಕ್‌ನ ನೆಗೆಟಿವ್ ಅನ್ನು ಆ ಗಂಟಿನಿಂದ ಬಿಡಿಸಿ, ಖಾಲಿ ನೀಲಿ-ಬಿಳಿಗೆ ಹಾಕಿ, ಇನ್ನೊಂದು ತುದಿಯನ್ನು ಕಂಟ್ರೋಲರ್ ಬೋರ್ಡ್‌ಗೆ ಬೇಡ, ನೇರ ಎಸ್‌ಎಂಪಿಎಸ್ ನೆಗೆಟಿವ್‌ಗೆ ಕೊಡಿ. ರೀಡರ್ ಸರಿಯಾಗುತ್ತದೆ. ಆದರೆ ಲಾಕ್‌ಗೆ ಆಗಲೂ 8.5ರ ಹತ್ತಿರ ಸಿಗುತ್ತದೆ ಅಷ್ಟೇ, ಯಾಕೆಂದರೆ ತಂತಿ ಅಷ್ಟೇ ಸಣ್ಣದು. ಆದ್ದರಿಂದ ಲಾಕ್‌ಗೆ ಅಂತಲೇ ಬೇರೆ ದಪ್ಪ ವೈರ್ ಎಳೆಯಿರಿ. 1.5 ಸ್ಕ್ವೇರ್ ಎಂಎಂ ಎರಡು ಕೋರ್ ಹಾಕಿದರೆ ಹೋಗಿ ಬರುವ 120 ಮೀಟರ್‌ಗೂ ಒಂದೂವರೆ ಓಮ್ ದಾಟುವುದಿಲ್ಲ.

ಸೈಟ್‌ಸುತ್ತಾಟ
ಪೈಪ್‌ನಲ್ಲಿ ಜಾಗ ಇಲ್ಲದಿದ್ದರೆ ಇನ್ನೊಂದು ದಾರಿ. ಎಷ್ಟೋ ಮ್ಯಾಗ್ನೆಟಿಕ್ ಲಾಕ್‌ಗಳಲ್ಲಿ 12/24 ಜಂಪರ್ (ವೋಲ್ಟೇಜ್ ಆರಿಸುವ ಸಣ್ಣ ಕೊಂಡಿ) ಇರುತ್ತದೆ. 24ಕ್ಕೆ ಹಾಕಿದರೆ ಕರೆಂಟ್ ಅರ್ಧವಾಗುತ್ತದೆ. ಲಾಕ್‌ಗೆ ಬೇರೆ 24 ವೋಲ್ಟ್ ಸಪ್ಲೈ ಇಡಿ. ಅದೇ ಕ್ಯಾಟ್ ತಂತಿಯಲ್ಲೇ 21 ವೋಲ್ಟ್ ಮೇಲೆ ತಲುಪುತ್ತದೆ, ಶೇಕಡಾ 90. ಒಂದೇ ಎಚ್ಚರಿಕೆ: ಆ 24 ತಪ್ಪಿಯೂ ರೀಡರ್‌ಗೆ ಹೋಗಬಾರದು. ಎರಡೂ ವೈರ್‌ಗೆ ಲೇಬಲ್ ಅಂಟಿಸಿ.

ಎಲೆಕ್ಟ್ರಿಷಿಯನ್_ಹಳಬ
ಲಾಕ್ ಪವರ್ ಬೇರೆ ಮಾಡುವವರೆಲ್ಲ ಗಮನಿಸಿ: ಫೈರ್ ಅಲಾರಂ ಬಡಿದಾಗ ಲಾಕ್ ಪವರ್ ಕಡಿಯುವ ರಿಲೇ ಎಲ್ಲಿದೆ ಅಂತ ಮೊದಲು ಹುಡುಕಿ. ಹೊಸ ಲೈನ್ ಆ ರಿಲೇ ದಾಟಿಯೇ ಹೋಗಬೇಕು. ಹೊಸ ಸಪ್ಲೈಯಿಂದ ನೇರವಾಗಿ ಲಾಕ್‌ಗೆ ಎಳೆದುಬಿಟ್ಟರೆ ಬೆಂಕಿ ಬಿದ್ದಾಗ ಬಾಗಿಲು ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಅಲಾರಂ ಟೆಸ್ಟ್ ಮಾಡಿ, ಬಾಗಿಲು ತಳ್ಳಿ ನೋಡಿಯೇ ಹೊರಡಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಹೊಸಕೈ
ಲಾಕ್‌ಗೆ ಡಯೋಡ್ ಹಾಕಬೇಕು ಅಂತ ಕೇಳಿದ್ದೇನೆ, ಅದು ಯಾಕೆ?

ಓಮ್‌ಭಕ್ತ
ಕಾಯಿಲ್‌ನ ಕರೆಂಟ್ ತಟ್ಟನೆ ನಿಲ್ಲಿಸಿದರೆ ಅದು ಉಲ್ಟಾ ದಿಕ್ಕಿನಲ್ಲಿ ದೊಡ್ಡ ವೋಲ್ಟೇಜ್ ಎಸೆಯುತ್ತದೆ. ರಿಲೇ ಕಾಂಟ್ಯಾಕ್ಟ್‌ನಲ್ಲಿ ಕಿಡಿ ಹಾರುತ್ತದೆ, ಪಕ್ಕದ ಡೇಟಾ ತಂತಿಗೆ ಗದ್ದಲ ನುಗ್ಗುತ್ತದೆ, ಕೆಲವೊಮ್ಮೆ ಕಂಟ್ರೋಲರೇ ರೀಸ್ಟಾರ್ಟ್ ಆಗುತ್ತದೆ. 1ಎನ್4007 ಡಯೋಡನ್ನು ಲಾಕ್ ಟರ್ಮಿನಲ್ ಮೇಲೇ ಹಾಕಿ, ಬೆಳ್ಳಿ ಪಟ್ಟಿ ಇರುವ ತುದಿ ಪಾಸಿಟಿವ್ ಕಡೆಗೆ. ಉಲ್ಟಾ ಹಾಕಿದರೆ ನೇರ ಶಾರ್ಟ್. ಪ್ಯಾನೆಲ್‌ನಲ್ಲಿ ಹಾಕಿದರೆ ಅಷ್ಟು ಪ್ರಯೋಜನವಿಲ್ಲ, ಲಾಕ್ ಹತ್ತಿರವೇ ಇರಬೇಕು. ಡಿಸಿ ಲಾಕ್‌ಗೆ ಮಾತ್ರ ಇದು. ಎಸಿ ಕರೆಂಟಿನ ಸ್ಟ್ರೈಕ್‌ಗೆ (ಚೌಕಟ್ಟಿನಲ್ಲಿ ಕೂರುವ ಎಲೆಕ್ಟ್ರಿಕ್ ಲಾಕ್) ಡಯೋಡ್ ಹಾಕಬಾರದು, ಎಂಒವಿ (ಹೆಚ್ಚಾದ ವೋಲ್ಟೇಜ್ ಹೀರಿಕೊಳ್ಳುವ ಬಿಡಿಭಾಗ) ಹಾಕಬೇಕು.

ಸೈಟ್‌ಸುತ್ತಾಟ
ಡಯೋಡ್ ಹಾಕಿದರೆ ಮ್ಯಾಗ್ನೆಟಿಕ್ ಲಾಕ್ ಬಿಡುವುದು ಸ್ವಲ್ಪ ತಡವಾಗುತ್ತದೆ. ಲಾಕ್ ಒಳಗೇ ಎಂಒವಿ ಇರುವುದೂ ಉಂಟು, ಅದರ ಕೈಪಿಡಿ ಓದಿ ಆಮೇಲೆ ನಿರ್ಧರಿಸಿ.

ಆರ್‌ಎಸ್485
ಮೂಲ ತೊಂದರೆ ವೀಗ್ಯಾಂಡ್‌ನದ್ದು. ಓಎಸ್‌ಡಿಪಿಗೆ (ರೀಡರ್, ಕಂಟ್ರೋಲರ್ ಎರಡೂ ಕಡೆಯಿಂದ ಮಾತಾಡುವ ಪದ್ಧತಿ) ಬನ್ನಿ ಸ್ವಾಮಿ. ಆರ್‌ಎಸ್485 ಮೇಲೆ ನಡೆಯುತ್ತದೆ, ಎರಡೇ ಡೇಟಾ ತಂತಿ, 1200 ಮೀಟರ್‌ವರೆಗೆ ಹೋಗುತ್ತದೆ. ವೀಗ್ಯಾಂಡ್‌ಗೆ ದಪ್ಪ ತಂತಿ ಹಾಕಿದರೂ 150 ಮೀಟರ್ ಮಿತಿ. ನೆಗೆಟಿವ್ 2 ವೋಲ್ಟ್ ಆಚೀಚೆ ಆದರೂ ಆರ್‌ಎಸ್485 ತಡೆದುಕೊಳ್ಳುತ್ತದೆ, ಮೈನಸ್ 7ರಿಂದ ಪ್ಲಸ್ 12ರವರೆಗೆ. ರೀಡರ್ ಸಂಪರ್ಕ ತಪ್ಪಿದರೆ ಕಂಟ್ರೋಲರ್‌ಗೆ ತಕ್ಷಣ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಸೆಕ್ಯೂರ್ ಚಾನೆಲ್ ಆನ್ ಮಾಡಿದರೆ ಎಇಎಸ್ 128ರಲ್ಲಿ ಗೂಢಲಿಪಿಯಾಗಿ ಹೋಗುತ್ತದೆ. ವೀಗ್ಯಾಂಡ್‌ನಲ್ಲಿ ರೀಡರ್ ಬಿಚ್ಚಿ ಹಿಂದಿನ ಎರಡು ತಂತಿಗೆ ಕೈ ಹಾಕಿದವರಿಗೆ ಎಲ್ಲರ ಕಾರ್ಡ್ ನಂಬರ್ ಸಿಕ್ಕಿಬಿಡುತ್ತದೆ.

ತಾಮ್ರತಂತಿ
ಭದ್ರತೆ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಹೊಸದಾಗಿ ಹಾಕುವವರು ಓಎಸ್‌ಡಿಪಿಯನ್ನೇ ಹಾಕಲಿ. ಆದರೆ ಇವರ ಲಾಕ್‌ಗೆ 8.2 ವೋಲ್ಟ್ ಸಿಗುತ್ತಿರುವುದನ್ನು ಓಎಸ್‌ಡಿಪಿ ಸರಿಮಾಡುತ್ತದಾ? ರೀಡರ್‌ಗೆ 9.6 ಸಿಗುವುದನ್ನು? ಕೆಟ್ಟ ಪವರ್ ವೈರಿಂಗ್ ಮೇಲೆ ಒಳ್ಳೆಯ ಪ್ರೊಟೊಕಾಲ್ ಕೂರಿಸಿದರೆ ತೊಂದರೆ ಮುಚ್ಚಿಹೋಗುತ್ತದೆ ಅಷ್ಟೇ. ನಾಳೆ ಬಾಗಿಲು ಎಳೆದರೆ ಬಿಟ್ಟುಕೊಳ್ಳುತ್ತದೆ.

ಆರ್‌ಎಸ್485
ಪವರ್ ಸರಿ ಮಾಡಬೇಡಿ ಅಂತ ನಾನು ಹೇಳಲಿಲ್ಲವಲ್ಲ. ಎರಡನ್ನೂ ಮಾಡಿ. ಮತ್ತೆ, ಸಾಲಿನ ಕೊನೆಯ ರೀಡರ್‌ನಲ್ಲಿ 120 ಓಮ್ ಟರ್ಮಿನೇಷನ್ ರೆಸಿಸ್ಟರ್, ಎ ಮತ್ತು ಬಿ (ಎರಡು ಡೇಟಾ ತಂತಿ) ಒಂದೇ ಜೋಡಿಯಲ್ಲಿ, ಪ್ರತಿ ರೀಡರ್‌ಗೂ ಬೇರೆ ವಿಳಾಸ.

ನೆಟ್‌ವರ್ಕ್‌ಹುಡುಗಿ
ನಮ್ಮಲ್ಲಿ ಬಾಗಿಲಿಗೊಂದು ಪಿಓಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಪವರ್ ಬರುವ) ಕಂಟ್ರೋಲರ್ ಇಟ್ಟಿದ್ದೇವೆ, ಉದ್ದ ಪವರ್ ವೈರ್ ತಲೆನೋವೇ ಇಲ್ಲ. ಒಂದು ಮಾತ್ರ ನೋಡಿಕೊಳ್ಳಬೇಕು. ಸಾಮಾನ್ಯ ಪಿಓಇಯಲ್ಲಿ ಸ್ವಿಚ್ 15.4 ವಾಟ್ ಕೊಟ್ಟರೂ ಆ ಕಡೆ ತಲುಪುವುದು 12.95 ವಾಟ್. ಅದರಲ್ಲೇ ಬೋರ್ಡ್, ರೀಡರ್, ಲಾಕ್ ಎಲ್ಲ ನಡೆಯಬೇಕು. ಲಾಕ್ ಒಂದೇ 6 ವಾಟ್ ತಿನ್ನುತ್ತದೆ. ಎರಡು ರೀಡರ್, ಎರಡು ಲಾಕ್ ಇದ್ದರೆ ಹೆಚ್ಚು ವಾಟ್ ಕೊಡುವ ಪಿಓಇ ಪ್ಲಸ್ ಬೇಕೇ ಬೇಕು.

ಬಾಗಿಲುಕಾಯುವವ
ಅಪ್‌ಡೇಟ್. ಮೊದಲ ಬಾಗಿಲಿಗೆ 1.5 ಸ್ಕ್ವೇರ್ ಎಂಎಂ ಎರಡು ಕೋರ್ ಎಳೆದೆವು, ಫೈರ್ ರಿಲೇ ಮೂಲಕವೇ. ಲಾಕ್‌ನಲ್ಲಿ ಈಗ 11.4. ರೀಡರ್‌ನಲ್ಲಿ 11.3, ಲಾಕ್ ಹಿಡಿದರೂ ಬಿಟ್ಟರೂ ಅಲ್ಲಾಡುವುದಿಲ್ಲ. ಪ್ರತಿ ಕಾರ್ಡೂ ಮೊದಲ ಸಲಕ್ಕೇ ಓದುತ್ತಿದೆ. ಅಲಾರಂ ಟೆಸ್ಟ್ ಮಾಡಿದೆವು, ಬಾಗಿಲು ಬಿಟ್ಟಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಎರಡನೇ ಬಾಗಿಲಿಗೂ ಹೀಗೇ ಮಾಡಿದೆವು. ಲಾಕ್ ಸರಿಯಾಯಿತು. ಆದರೆ ರೀಡರ್‌ನಲ್ಲಿ 10.1 ಇದೆ, ಕೆಲವೊಮ್ಮೆ 9ಕ್ಕೂ ಇಳಿಯುತ್ತದೆ. ಅಲ್ಲಿ ರೀಡರ್ ಆಗಾಗ ತಾನಾಗೇ ರೀಸ್ಟಾರ್ಟ್ ಆಗುತ್ತದೆ. ಕಂಟಿನ್ಯುಟಿ ನೋಡಿದೆವು, ಎಲ್ಲ ತಂತಿಯಲ್ಲೂ ಬೀಪ್ ಬರುತ್ತದೆ.

ಓಮ್‌ಭಕ್ತ
ಕಂಟಿನ್ಯುಟಿ ಬೀಪ್ ನಂಬಬೇಡಿ. ಎಷ್ಟೋ ಮೀಟರ್ 30, 50 ಓಮ್ ಇದ್ದರೂ ಬೀಪ್ ಅನ್ನುತ್ತವೆ. ನಿಮಗೆ ಬರಬೇಕಾದದ್ದು 11.3, ಬಂದದ್ದು 10.1. 1.2 ವೋಲ್ಟ್ ಎಲ್ಲೋ ಹೋಗುತ್ತಿದೆ. 0.08 ಆಂಪ್‌ಗೆ 1.2 ವೋಲ್ಟ್ ಅಂದರೆ 15 ಓಮ್. ಅದೂ ಏರಿಳಿಯುತ್ತಿದೆ ಅಂದರೆ ಮಧ್ಯದಲ್ಲಿ ಕೆಟ್ಟ ಜಾಯಿಂಟ್ ಇದೆ. ಅದೇ ಖಾಲಿ ತಂತಿ ಉಪಾಯದಲ್ಲಿ ಪಾಸಿಟಿವ್‌ನಲ್ಲಿ ಬೀಳುತ್ತಿದೆಯೋ ನೆಗೆಟಿವ್‌ನಲ್ಲೋ ಅಂತ ಮೊದಲು ತಿಳಿದುಕೊಳ್ಳಿ. ಆಮೇಲೆ ದಾರಿಯ ಮಧ್ಯದಲ್ಲಿ ಎಲ್ಲಿ ಕೇಬಲ್ ಕೈಗೆ ಸಿಗುತ್ತದೋ ಅಲ್ಲಿ ನೋಡಿ. ರೀಡರ್ ಆನ್ ಇರಬೇಕು. ಕರೆಂಟ್ ಹರಿಯದೆ ಇದ್ದರೆ ಎಲ್ಲ ಕಡೆಯೂ 12 ತೋರಿಸುತ್ತದೆ.

ಸೈಟ್‌ಸುತ್ತಾಟ
ಕೇಬಲ್ ತುದಿಯ ಒಂದು ತಂತಿಯನ್ನು ಬ್ಲೇಡ್‌ನಲ್ಲಿ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದರ ರೆಸಿಸ್ಟೆನ್ಸ್ ಶುದ್ಧ ತಾಮ್ರದ ಒಂದೂವರೆ ಪಟ್ಟು. ಸ್ಕ್ರೂ ಕೆಳಗೆ ಬೇಗ ಸಡಿಲಾಗುತ್ತದೆ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಪವರ್ ಕಳಿಸುವ ಕಡೆ ಅದು ಬೇಡವೇ ಬೇಡ.

ಬಾಗಿಲುಕಾಯುವವ
ಕೆರೆದು ನೋಡಿದೆ, ಒಳಗೂ ಕೆಂಪಗೇ ಇದೆ, ತಾಮ್ರವೇ. ಜಾಯಿಂಟ್ ಸಿಕ್ಕಿತು! ಫಾಲ್ಸ್ ಸೀಲಿಂಗ್ ಮೇಲೆ ಎಸಿ ನೀರು ಹೋಗುವ ಪೈಪ್‌ನ ಪಕ್ಕದಲ್ಲೇ ಕೇಬಲ್‌ಗೆ ಕೇಬಲ್ ಸೇರಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಟೇಪ್ ಬಿಚ್ಚಿದರೆ ಅಂಟೆಲ್ಲ ಜಿಗುಟಾಗಿ ಜಾರಿಕೊಂಡಿದೆ. ಕಿತ್ತಳೆ ತಂತಿಯ ತಿರುಚಿದ ಭಾಗ ಹಸಿರುಗಟ್ಟಿ ಪುಡಿ ಉದುರುತ್ತಿದೆ. ರೀಡರ್ ಆನ್ ಇಟ್ಟುಕೊಂಡು ಗಂಟಿನ ಈಚೆ ಒಂದು ಪ್ರೋಬ್, ಆಚೆ ಒಂದು ಪ್ರೋಬ್ ಚುಚ್ಚಿದೆ. ಆ ಒಂದು ಇಂಚಿನಲ್ಲಿ 1.2 ವೋಲ್ಟ್. ಬೆರಳಲ್ಲಿ ಅಲ್ಲಾಡಿಸಿದರೆ 2ರವರೆಗೂ ಏರುತ್ತಿತ್ತು.

ಎಲೆಕ್ಟ್ರಿಷಿಯನ್_ಹಳಬ
ಒಳ್ಳೆಯ ಜಾಯಿಂಟ್‌ನಲ್ಲಿ ಮೀಟರ್‌ಗೆ ಕೆಲವು ಮಿಲಿವೋಲ್ಟ್ ಬಿಟ್ಟು ಏನೂ ಕಾಣಬಾರದು. ತೇವ ಇರುವ ಕಡೆ ಟೇಪ್ ಸುತ್ತಿ ಬಿಡುವ ಅಭ್ಯಾಸ ನಿಲ್ಲಬೇಕು. ಜೆಲ್ ತುಂಬಿದ ಕ್ರಿಂಪ್ ಕನೆಕ್ಟರ್ ಬಳಸಿ, ಅಥವಾ ಬೆಸುಗೆ ಹಾಕಿ ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಸಾಧ್ಯವಿದ್ದರೆ ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆಯುವುದೇ ವಾಸಿ. ಹಸಿರುಗಟ್ಟಿದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೂ ಹಿಂದಕ್ಕೆ ಕತ್ತರಿಸಿ, ಇನ್ಸುಲೇಷನ್ ಒಳಗೂ ತೇವ ಹತ್ತಿರುತ್ತದೆ.

ಹತ್ತುಆಂಪ್
ಇಂಥದ್ದನ್ನು ಹಾಕಿದವರೇ ಒಂದು ಕಾಗದದಲ್ಲಿ ಜಾಯಿಂಟ್ ಎಲ್ಲಿದೆ ಅಂತ ಬರೆದಿಟ್ಟಿದ್ದರೆ ಇಷ್ಟು ಹುಡುಕಾಟವೇ ಇರುತ್ತಿರಲಿಲ್ಲ.

ಸೈಟ್‌ಸುತ್ತಾಟ
ನೂರಕ್ಕೆ ನೂರು. ಪ್ಯಾನೆಲ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ: ಯಾವ ಬಣ್ಣ ಯಾವುದಕ್ಕೆ, ರೀಡರ್ ತುದಿಯಲ್ಲಿ ಲಾಕ್ ಹಿಡಿದಾಗ ಎಷ್ಟು ವೋಲ್ಟ್, ಬಿಟ್ಟಾಗ ಎಷ್ಟು. ಮುಂದಿನ ಸಲ ಬಂದವರು ಅದೇ ಅಳತೆ ತೆಗೆದು ಹೋಲಿಸಿದರೆ ಅರ್ಧ ಕೆಲಸ ಮುಗಿಯಿತು.

ಹೊಸಕೈ
ಒಂದು ಅನುಮಾನ. ಡಿ0, ಡಿ1 ಅದಲುಬದಲಾದರೆ ಏನಾಗುತ್ತದೆ? ರೀಡರ್ ಸುಟ್ಟುಹೋಗುತ್ತಾ?

ತಾಮ್ರತಂತಿ
ಸುಡುವುದಿಲ್ಲ. ಸೊನ್ನೆಯೆಲ್ಲ ಒಂದು, ಒಂದೆಲ್ಲ ಸೊನ್ನೆ ಆಗುತ್ತದೆ. 26 ಬಿಟ್‌ನಲ್ಲಿ ಮೊದಲ 13 ಬಿಟ್‌ಗೆ ಸಮ ಪ್ಯಾರಿಟಿ (ಅದರಲ್ಲಿನ ಒಂದುಗಳ ಎಣಿಕೆ ಸಮ ಇರಬೇಕು), ಕೊನೆಯ 13ಕ್ಕೆ ಬೆಸ ಪ್ಯಾರಿಟಿ. 13 ಬೆಸ ಸಂಖ್ಯೆಯಾದ್ದರಿಂದ ಎಲ್ಲ ಬಿಟ್ ತಿರುಗಿದರೆ ಎರಡೂ ಪ್ಯಾರಿಟಿ ಖಂಡಿತ ತಪ್ಪುತ್ತವೆ. ಪ್ಯಾರಿಟಿ ನೋಡುವ ಕಂಟ್ರೋಲರ್ ಅದನ್ನು ಎಸೆಯುತ್ತದೆ. ನೋಡದ ಕಂಟ್ರೋಲರ್ ಯಾವುದೋ ಬೇರೆ ನಂಬರ್ ತೋರಿಸುತ್ತದೆ. ಹೊಸದಾಗಿ ಹಾಕಿದ ರೀಡರ್‌ನಲ್ಲಿ ಒಂದು ಕಾರ್ಡೂ ಓದದಿದ್ದರೆ ಮೊದಲು ಇದನ್ನೇ ನೋಡಿ. ಇಷ್ಟು ದಿನ ಚೆನ್ನಾಗಿದ್ದು ಆಗಾಗ ಕೈಕೊಡುವ ರೀಡರ್‌ಗೆ ಇದು ಕಾರಣವಲ್ಲ.

ಬಾಗಿಲುಕಾಯುವವ
ಎರಡನೇ ಬಾಗಿಲಿಗೆ ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆದೆವು, ಈ ಸಲ ಶೀಲ್ಡ್ ಇರುವುದು, ಎಸಿ ಪೈಪ್‌ನಿಂದ ದೂರ. ರೀಡರ್‌ನಲ್ಲಿ 11.3. ಶೀಲ್ಡ್ ತಂತಿಯನ್ನು ಎರಡೂ ತುದಿಯಲ್ಲಿ ಅರ್ಥ್ ಮಾಡಲಾ?

ಓಮ್‌ಭಕ್ತ
ಕಂಟ್ರೋಲರ್ ತುದಿಯಲ್ಲಿ ಮಾತ್ರ. ರೀಡರ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ, ಬಾಗಿಲ ಲೋಹದ ಚೌಕಟ್ಟಿಗೆ ತಾಗಬಾರದು. ಎರಡೂ ಕಡೆ ಸೇರಿಸಿದರೆ ಶೀಲ್ಡ್‌ನಲ್ಲೇ ಕರೆಂಟ್ ಓಡಾಡಲು ಶುರುವಾಗುತ್ತದೆ.

ಬ್ಯಾಟರಿಬೇಟೆ
ಬ್ಯಾಟರಿ ವಿಷಯ ಏನಾಯಿತು?

ಬಾಗಿಲುಕಾಯುವವ
ನೀವು ಹೇಳಿದ ಹಾಗೇ ಇತ್ತು, 12.1ಕ್ಕೆ ನೇರ ಸೇರಿಸಿದ್ದರು. ಮೇನ್ಸ್ ಆಫ್ ಮಾಡಿದರೆ ಲಾಕ್‌ಗಳು ಕೆಲವೇ ನಿಮಿಷ ನಿಂತವು. ಚಾರ್ಜಿಂಗ್ ಇರುವ ಸಪ್ಲೈ ಮತ್ತು ಹೊಸ ಬ್ಯಾಟರಿಗೆ ಬರೆದುಕೊಟ್ಟಿದ್ದೇನೆ. ನಾಲ್ಕು ಲಾಕ್‌ಗೆ 7 ಎಎಚ್ ಸಾಕಾ?

ಬ್ಯಾಟರಿಬೇಟೆ
ಒಟ್ಟು ಲೋಡ್ ಎರಡೂವರೆ ಆಂಪ್ ಅಂತ ಇಟ್ಟುಕೊಂಡರೆ ಹೊಸ 7 ಎಎಚ್ ಎರಡು ಗಂಟೆಗೂ ಸ್ವಲ್ಪ ಕಡಿಮೆ. 7 ಎಎಚ್ ಅನ್ನುವುದು 20 ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ, ಜೋರಾಗಿ ಎಳೆದರೆ ಅಷ್ಟು ಸಿಗುವುದಿಲ್ಲ. ನಾಲ್ಕು ಗಂಟೆ ಬೇಕಾದರೆ 17 ಅಥವಾ 18 ಎಎಚ್ ಹಾಕಿ, ಆದರೆ ಚಾರ್ಜರ್ ಅದನ್ನು ತುಂಬುವಷ್ಟು ಕರೆಂಟ್ ಕೊಡುತ್ತದೆಯೇ ನೋಡಿಕೊಳ್ಳಿ.

ಹೊಸಕೈ
ನಮ್ಮ ಬಾಗಿಲಲ್ಲಿ ಮ್ಯಾಗ್ನೆಟಿಕ್ ಲಾಕ್ ಅಲ್ಲ, ಎಲೆಕ್ಟ್ರಿಕ್ ಸ್ಟ್ರೈಕ್ ಇದೆ. ಕಾರ್ಡ್ ಓದಿ ಬಾಗಿಲು ತೆರೆಯುವ ಕ್ಷಣದಲ್ಲೇ ರೀಡರ್ ಲೈಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇದೂ ಅದೇನಾ?

ತಾಮ್ರತಂತಿ
ಬಹುಶಃ ಅದೇ, ದಿಕ್ಕು ಮಾತ್ರ ಉಲ್ಟಾ. ಸಾಮಾನ್ಯವಾಗಿ ಸ್ಟ್ರೈಕ್ ತೆರೆಯುವಾಗ ಮಾತ್ರ ಕರೆಂಟ್ ಎಳೆಯುತ್ತದೆ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಅದನ್ನು ಒತ್ತಿ ರೀಡರ್ ಟರ್ಮಿನಲ್‌ಗೆ ಹಿಡಿದು ಕಾರ್ಡ್ ತೋರಿಸಿ. ಕಣ್ಣಿಗೆ ಕಾಣದಷ್ಟು ಬೇಗ ಇಳಿದು ಏರುತ್ತದೆ, ಆದ್ದರಿಂದ ಸುಮ್ನೆ ಡಿಸ್‌ಪ್ಲೇ ನೋಡಿದರೆ ಸಿಗುವುದಿಲ್ಲ.

ಹೊಸಕೈ
ಮಿನ್ 6.8 ಬಂತು. ಕೇಬಲ್‌ನ ಬಣ್ಣಗಳನ್ನು ಬರೆದುಕೊಂಡು ಬೇರೆ ಥ್ರೆಡ್ ಹಾಕುತ್ತೇನೆ.